ಹೂ ಕೇಳಿ ಕೊಂಡ ಜೀಪು

ಇದನ್ನು ಹೇಳಲು ಬಹಳ ತಡ ಮಾಡಿದ್ದೇನೆ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳಬೇಕೆಂದು ಬಾಯಿ ತೆಗೆದು, ಮಳೆ ಬೆಳೆಯ ಮಾತಾಡಿ ಸುಮ್ಮನಾಗಿದ್ದೇನೆ. ಮೊನ್ನೆ ಬಾಣಾವರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಗುಜರಿ ಅಂಗಡಿಯ ಮುಂದೆ ತುಕ್ಕು ಹಿಡಿದ ಜೀಪೊಂದು ಬಿದ್ದಿತ್ತು. ನಮ್ಮದಲ್ಲ, ಆದರೆ ಅದೇ ಮಾಡೆಲ್ಲು. ಅದರ ಎದುರು ನಿಲ್ಲಲಾಗದೆ ಮುಂದಿನ ಸ್ಟಾಪಿನವರೆಗೂ ನಡೆದುಬಿಟ್ಟೆ.

ತೊಂಬತ್ತರ ದಶಕದ ಕೊನೆಯ ಮಾತು. ಕಣಕಟ್ಟೆಯಿಂದಾಚೆ ನಮ್ಮ ತೋಟದ ಮನೆ. ಟಾರು ರಸ್ತೆಯಿಂದ ಮನೆಯವರೆಗಿನ ದಾರಿ ಎರೆಮಣ್ಣಿನದು, ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಸೈಕಲ್ಲೂ ಓಡುತ್ತದೆ. ಮಳೆ ಹಿಡಿದರೆ ಎತ್ತಿನ ಗಾಡಿಯೂ ಹೂತು ನಿಲ್ಲುತ್ತದೆ. ಹಾಗೆ ಹೂತ ಗಾಡಿಯಲ್ಲೇ ನನ್ನ ತಮ್ಮನ ಮೊದಲ ಕೂಸು ಹೋಯಿತು. ಅವನ ಹೆಂಡತಿ ಮತ್ತೆ ಬಸುರಿಯಾದಾಗ, ಚಿತ್ತೆ ಮಳೆಗೆ ಮುಂಚೆ ಒಂದು ಜೀಪು ತರಲೇಬೇಕೆಂದು ಅಣ್ಣತಮ್ಮಂದಿರು ತೀರ್ಮಾನ ಮಾಡಿದೆವು. ಊರವರ ಮುಂದೆ ಅರಸೀಕೆರೆಗೆ ಕಾಯಿ ಸಾಗಿಸಲು ಎಂದೆವು. ಆದರೆ ಯಾರಿಗಾಗಿ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಕೈಗೆ ಎಟಕುವ ಜೀಪು ಎರಡಿದ್ದವು. ಒಂದು ಬೇಲೂರಿನ ಆಚೆ, ಕಾಫಿ ತೋಟದವರೊಬ್ಬರ ಶೆಡ್ಡಿನಲ್ಲಿತ್ತು. ಬಹಳ ಹಳೆಯ ಮಾಡೆಲ್ಲು, ಉದ್ದ ಬಾಡಿ, ಹರಿದ ಟಾರ್ಪಾಲು. ಕಾಲಿಡುವ ಕಡೆ ತಗಡು ತಿಂದುಹೋಗಿ ಕೆಳಗಿನ ನೆಲ ಕಾಣುತ್ತಿತ್ತು. ಆದರೆ ಗೇರಿನ ಪಕ್ಕ ಇನ್ನೆರಡು ಗಿಡ್ಡ ಲಿವರುಗಳಿದ್ದವು. ಅವನ್ನು ಎಳೆದರೆ ಮುಂದಿನ ಚಕ್ರಗಳೂ ತಿರುಗುತ್ತಿದ್ದವು. ತಮ್ಮ ಒದ್ದೆ ದಿಬ್ಬದ ಮೇಲೆ ಅದನ್ನು ನಿಧಾನವಾಗಿ ಹತ್ತಿಸಿ ಇಳಿಸಿ, ಮಕ್ಕಳಂತೆ ನಕ್ಕ.

ಇನ್ನೊಂದು ಹಳೇಬೀಡಿನಲ್ಲಿತ್ತು. ಸ್ವಲ್ಪ ಈಚಿನ ಮಾಡೆಲ್ಲು, ಗಿಡ್ಡ ಬಾಡಿ, ಕೆಂಪು ಬಣ್ಣ, ಹೊಸ ರೆಕ್ಸಿನ್ ಸೀಟು. ಲಿವರ್ ಇರಬೇಕಾದ ಕಡೆ ರಬ್ಬರ್ ತುಂಡು ಮುಚ್ಚಿತ್ತು.

"ಫೋರ್ ವೀಲ್ ಇಲ್ವೇನಣ್ಣ?" ಎಂದ ತಮ್ಮ.

"ಬಿಚ್ಚಿಸ್‌ಬಿಟ್ಟೆ ಕಣಪ್ಪ. ಟೂರಿಸ್ಟ್‌ನೋರನ್ನ ಬಸದಿ ತೋರ್ಸಿ ಬರೋಕೆ ಅದ್ಯಾಕೆ? ಸುಮ್ನೆ ಡೀಸೆಲ್ ಕುಡೀತದೆ" ಎಂದರು ಜೀಪಿನವರು.

ವಾಪಸು ಬರುವಾಗ ಬಸ್ಸಿನಲ್ಲೇ ವಾದ ಶುರುವಾಯಿತು.

"ಆ ಕೆಂಪುದು ಕೆರೆ ಏರಿ ಮೇಲೆ ಓಡಾಡೋಕೆ ಚೆಂದ ಐತೆ ಅಣ್ಣ. ನಮ್ ಹಳ್ಳಕ್ಕೆ ಇಳಿದ್ರೆ ಮದುವೆ ಗಂಡು ಗದ್ದೆಗಿಳಿದಂಗೆ."

"ಬೇಲೂರುದು ಹೆಣ ಕಣ್ಲಾ. ಒಂದಿನ ಓಡಿದ್ರೆ ವಾರ ಗ್ಯಾರೇಜಲ್ಲಿ ಮಲಗ್ತದೆ."

"ಹೆಣ ಅಲ್ಲ, ಕೋಣ. ಕೆಸರಿಗೆ ಕೋಣಾನೇ ಬೇಕು."

ಪಕ್ಕದ ಸೀಟಿನವರು ನಕ್ಕರು. ನನಗೆ ಅವಮಾನವಾಯಿತು. ಅವನ ಮಾತು ಸರಿ ಎಂದು ಗೊತ್ತಿದ್ದದ್ದರಿಂದಲೇ ಹಾಗಾಯಿತು ಎಂದು ಈಗ ತಿಳಿಯುತ್ತದೆ. ಆಗ ನನ್ನ ಮಗಳಿಗೆ ಅರಸೀಕೆರೆಯ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಗಂಡಿನ ಕಡೆಯವರ ಬಾಗಿಲಲ್ಲಿ ಹರಿದ ಟಾರ್ಪಾಲಿನ ಗಾಡಿಯಿಂದ ಇಳಿಯುವುದನ್ನು ನೆನೆದರೆ ಮೈ ಹಿಡಿಯಾಗುತ್ತಿತ್ತು. ಕೆಂಪು ಜೀಪಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಿದ್ದೆ, ಮೀಸೆಯ ಮೇಲೆ ಕೈಯಾಡಿಸಿಕೊಂಡಿದ್ದೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹೇಳಲು ನನ್ನಲ್ಲಿ ಇಲ್ಲ.

ಊಟಕ್ಕೆ ಕೂತಾಗಲೂ ಜಗಳ ನಿಲ್ಲಲಿಲ್ಲ. ತಮ್ಮನ ಹೆಂಡತಿ ಸಾರಿನ ಪಾತ್ರೆ ಕೆಳಗಿಟ್ಟು ಗೋಡೆಗೆ ಒರಗಿ ನಿಂತಳು. ಬಸುರಿ ಹೆಂಗಸು, ನಿಂತರೆ ಏದುಸಿರು.

"ನೀವಿಬ್ರೂ ಹಿಂಗ್ ಕಚ್ಚಾಡ್‌ಬ್ಯಾಡಿ. ಅಮ್ಮನ ತಾವ ಹೂ ಕೇಳಿ ಭಾವ. ಅವಳು ಯಾವುದು ಅಂದ್ರೆ ಅದ್ರಲ್ಲೇ ನಾನು ಆಸ್ಪತ್ರೆಗೆ ಹೋಯ್ತೀನಿ."

ನಮ್ಮ ಕಡೆ ಹೂ ಕೇಳದೆ ಬಾವಿ ತೋಡುವುದಿಲ್ಲ, ಹೆಣ್ಣು ಕೊಡುವುದಿಲ್ಲ. ಊರ ಗುಡಿಯಲ್ಲಿ ಪೂಜಾರಿ ಅಮ್ಮನ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ಇದು, ಎಡಕ್ಕೆ ಬಿದ್ದರೆ ಅದು ಎಂದು ಮನೆಯ ಹಿರಿಯ ಮನಸ್ಸಿನಲ್ಲೇ ಕಟ್ಟಿಕೊಂಡು ಕೂರಬೇಕು. ಹೂ ಬಿದ್ದ ಮೇಲೆಯೇ ಬಾಯಿ ಬಿಡಬೇಕು. ಅಪ್ಪ ಇರಲಿಲ್ಲ, ಹಾಗಾಗಿ ನಾನು ಕೂತೆ. ಬಲಕ್ಕೆ ಬೇಲೂರು, ಎಡಕ್ಕೆ ಹಳೇಬೀಡು ಎಂದು ನೆನೆದೆ. ಮೋಸ ಮಾಡಬೇಕೆಂದು ಕೂತಿರಲಿಲ್ಲ.

ಹೂ ಬಲಕ್ಕೆ ಬಿತ್ತು.

ಹಿಂದೆ ನಿಂತಿದ್ದ ತಮ್ಮ "ಬಲಗಡೆ ಯಾವ್ದಣ್ಣ?" ಎಂದ. ಅವನ ಹೆಂಡತಿ ಕೈ ಮುಗಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು.

"ಹಳೇಬೀಡುದು" ಎಂದೆ.

ಅವಳು ಕಣ್ಣಿಗೊತ್ತಿಕೊಂಡು, ಬಿದ್ದ ಹೂವನ್ನು ಮುಡಿಗಿಟ್ಟುಕೊಂಡಳು. ಮಾರನೆಯ ದಿನ ತಮ್ಮನೇ ಹಳೇಬೀಡಿಗೆ ಹೋಗಿ ಕೆಂಪು ಜೀಪು ತಂದ.

ಚಿತ್ತೆ ಮಳೆ ಹಿಡಿದ ಒಂದು ಬೆಳಿಗ್ಗೆ ಅವಳಿಗೆ ನೋವು ಬಂತು. ಕೆಂಪು ಜೀಪು ಹಳ್ಳಕ್ಕೆ ಇಳಿಯಿತು, ಆಚೆ ಏರು ಹತ್ತಲಿಲ್ಲ. ಹಿಂದಿನ ಚಕ್ರಗಳು ತಿರುಗಿದಷ್ಟೂ ಹೂತವು. ಗೋಣಿಚೀಲ ಹಾಕಿದೆವು, ತೆಂಗಿನ ಗರಿ ಹಾಕಿದೆವು, ಕೊನೆಗೆ ನನ್ನ ಕಂಬಳಿಯನ್ನೂ ಹಾಕಿದೆ. ನಾನು ಹಿಂದಿನಿಂದ ಎದೆ ಕೊಟ್ಟು ನೂಕುತ್ತಿದ್ದೆ. ಒಳಗಿನಿಂದ ಅವಳು "ಅಮ್ಮಾ, ನೀನೇ ಹೇಳ್ದ ಗಾಡಿ ಕಣೇ, ದಾಟಿಸೇ" ಎಂದು ಕೂಗುತ್ತಿದ್ದಳು. ಮುಂದಿನ ಚಕ್ರಗಳು ಮಳೆಯಲ್ಲಿ ಸುಮ್ಮನೆ ನಿಂತಿದ್ದವು. ತಮ್ಮ ಎಂಜಿನ್ ನಿಲ್ಲಿಸಿ, ಲಿವರಿನ ತೂತಿಗೆ ಮುಚ್ಚಿದ್ದ ರಬ್ಬರ್ ತುಂಡನ್ನು ಕಿತ್ತು ನೀರಿಗೆ ಎಸೆದ.

ಮನೆಯಿಂದ ಮಂಚ ತಂದು, ಅದರಲ್ಲಿ ಅವಳನ್ನು ಹೊತ್ತು ರಸ್ತೆಗೆ ತಲುಪಿಸಿದೆವು. ಅಲ್ಲಿಂದ ಒಂದು ಲಾರಿ. ಅರಸೀಕೆರೆಯ ಆಸ್ಪತ್ರೆಯಲ್ಲಿ ಅವಳು ಉಳಿದಳು, ಮಗು ಉಳಿಯಲಿಲ್ಲ. ಇನ್ನು ಮಕ್ಕಳಾಗುವುದಿಲ್ಲ ಎಂದರು.

ಅವಳು ನನ್ನನ್ನು ಹತ್ತಿರ ಕರೆದು ಕೇಳಿದ್ದು ಒಂದೇ. "ನಾನು ಆ ಅಮ್ಮಂಗೇನು ಮಾಡಿದ್ದೆ ಭಾವ? ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಆ ಗಾಡಿ ತೋರಿಸಿದ್ಲು?"

ಆಗಲೇ ಹೇಳಬೇಕಿತ್ತು. ಬಾಗಿಲಲ್ಲಿ ತಮ್ಮ ನಿಂತಿದ್ದ. ನಾನು "ಮಲಕ್ಕೊಳವ್ವ" ಎಂದು ಹೊದಿಕೆ ಸರಿಮಾಡಿದೆ.

ಆಮೇಲೆ ಅವಳು ಗುಡಿಯ ಹೊಸಿಲು ದಾಟಲಿಲ್ಲ, ಹೂ ಮುಡಿಯಲಿಲ್ಲ. ಅಮ್ಮನಿಗೆ ಬೆನ್ನು ಹಾಕಿದೋಳು, ಅದಕ್ಕೇ ಬಂಜೆಯಾದಳು ಎಂದು ಊರಿನ ಹೆಂಗಸರು ಅಂದಾಗ ನಾನು ಜಗಲಿಯ ಮೇಲೆ ಕೂತು ಕೇಳಿಸಿಕೊಂಡಿದ್ದೇನೆ. ತಮ್ಮನಿಗೂ ಗೊತ್ತಾಗದೆ ಹೋಯಿತು. ಅವನು ಈಗಿಲ್ಲ. ನನ್ನ ಮಗಳಿಗೆ ಆ ಸಂಬಂಧವೂ ಕೂಡಿಬರಲಿಲ್ಲ.

ಹೋದ ವರ್ಷ ಬೋರ್ ಕೊರೆಸಲು ಜಾಗ ಕೇಳೋಣವೆಂದು ಮನೆಯವರೆಲ್ಲ ಗುಡಿಗೆ ಹೋದೆವು. ಅವಳು ಮೆಟ್ಟಿಲ ಕೆಳಗೇ ಕೂತಳು.

"ಒಳಗೆ ಬಾರವ್ವ" ಎಂದೆ. ನನ್ನ ಧ್ವನಿ ನನಗೇ ಅಸಹ್ಯವಾಯಿತು.

"ನೀವು ಹೋಗಿ ಭಾವ. ನಿಮ್ ಮಾತು ಅವಳು ಕೇಳ್ತಾಳೆ. ನಾನು ಚಪ್ಪಲಿ ನೋಡ್ಕೊಂಡಿರ್ತೀನಿ."

ಚಪ್ಪಲಿ ಅವಳ ಪಕ್ಕ ಬಿಟ್ಟು ಒಳಗೆ ಹೋದೆ. ಗರ್ಭಗುಡಿಯ ಮುಂದೆ ಕೆನ್ನೆ ಬಡಿದುಕೊಂಡು ತಪ್ಪಾಯ್ತು ಎಂದೆ, ಪ್ರತಿ ಸಲ ಅನ್ನುವಂತೆ. ಅಮ್ಮನ ಹತ್ತಿರ ಹೀಗೆ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಹೊರಗೆ ಬಂದಾಗ ಅವಳು ನನ್ನ ಚಪ್ಪಲಿಯ ಮಣ್ಣು ಕೊಡವಿ ಜೋಡಿಸಿಟ್ಟಿದ್ದಳು. ಕಾಲಿಗೆ ಹಾಕಿಕೊಂಡು ಬಂದೆ. ಆಗಲೂ ಹೇಳಲಿಲ್ಲ. ನಾನು ಇಂದಿಗೂ ಕ್ಷಮೆ ಕೇಳದೆ ಉಳಿದಿರುವುದು ಅವಳೊಬ್ಬಳನ್ನೇ, ನನ್ನ ತಮ್ಮನ ಹೆಂಡತಿಯನ್ನು.