ನೋವಾಗದ ಜಾಗ

ಹೇರೋಹಳ್ಳಿಯಲ್ಲಿ ಕಲಾ ಸಿಸ್ಟರ್ ಅಂದರೆ ಸಾಕು, ಯಾವ ಕಲಾ ಎಂದು ಯಾರೂ ಕೇಳುವುದಿಲ್ಲ. ನರ್ಸ್ ಆಗಿ ಇಪ್ಪತ್ತೆರಡು ವರ್ಷ ಸವೆಸಿದ ಹೆಂಗಸು. ಮಾಗಡಿ ರಸ್ತೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ. ಡ್ಯೂಟಿಗೆ ಹೋಗುವ ಮುಂಚೆ ಒಂದು ಸುತ್ತು, ಬಂದ ಮೇಲೆ ಇನ್ನೊಂದು ಸುತ್ತು, ಬಡಾವಣೆಯ ನಾಲ್ಕೈದು ಮನೆಗಳಿಗೆ ಸ್ಕೂಟರಿನಲ್ಲಿ ಹೋಗಿ ಇನ್ಸುಲಿನ್ ಚುಚ್ಚಿ ಬರುತ್ತಾಳೆ. ಆ ರಸ್ತೆಗಳಲ್ಲಿ ದಿನಕ್ಕೆರಡು ಸಲ ಸ್ಕೂಟರ್ ಓಡಿಸುವುದೇ ಒಂದು ಸಾಹಸ, ಆದರೆ ಅದಕ್ಕೆ ಯಾರೂ ಅವಳನ್ನು ಹೊಗಳಲಿಲ್ಲ. ಹೊಗಳುತ್ತಿದ್ದದ್ದು ಕೈಗುಣವನ್ನು. ಕಲಾ ಚುಚ್ಚಿದರೆ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಬಾಯಿಂದ ಬಾಯಿಗೆ ಹರಡಿತ್ತು. ಆ ಮಾತು ಅವಳ ಕಿವಿಗೂ ಬಿದ್ದಿತ್ತು, ಬಿದ್ದ ಮೇಲೆ ಅಲ್ಲೇ ಮನೆ ಮಾಡಿಕೊಂಡಿತ್ತು.

ಅವಳ ಕೈಗುಣಕ್ಕೆ ದೊಡ್ಡ ಸಾಕ್ಷಿ ಲಕ್ಷ್ಮಿದೇವಮ್ಮ. ಎಪ್ಪತ್ತಮೂರು ವರ್ಷ. ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಹೊಲದಲ್ಲಿ ಕಳೆ ಕಿತ್ತ ಕೈ. ಈಗ ಅದೇ ಹೊಲದಲ್ಲಿ ಮಗ ಮುನಿರಾಜುವಿನ ಮೂರಂತಸ್ತಿನ ಮನೆ ಎದ್ದು ನಿಂತಿದೆ. ಆರು ವರ್ಷದಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಇಂಜೆಕ್ಷನ್, ಎರಡೂ ಕಲಾಳ ಕೈಯಿಂದಲೇ. ಕಲಾ ಒಳಗೆ ಬರುವಷ್ಟರಲ್ಲಿ ಮುದುಕಿ ಸೆರಗು ಸರಿಸಿ, ಹೊಕ್ಕುಳಿನ ಎಡಕ್ಕೆ ಬೆರಳು ಇಟ್ಟು ತೋರಿಸುತ್ತಿದ್ದಳು.

"ಇಲ್ಲೇ ಹಾಕಮ್ಮ. ಇಲ್ಲಾದ್ರೆ ನೋವೇ ಗೊತ್ತಾಗಲ್ಲ."

ಕಲಾ ಅಲ್ಲೇ ಹಾಕುತ್ತಿದ್ದಳು. ವಯಸ್ಸಾದ ಜೀವ, ದಿನಕ್ಕೆರಡು ಸಲ ಯಾಕೆ ನೋಯಿಸಬೇಕು ಎಂಬ ಕರುಣೆ. ಒಳ್ಳೆಯದೇ ಅಲ್ಲವೇ?

ಆದರೆ ಎರಡು ವರ್ಷದಿಂದ ಲಕ್ಷ್ಮಿದೇವಮ್ಮನ ಸಕ್ಕರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಡಾಕ್ಟರು ಹದಿನಾರು ಯೂನಿಟ್ಟನ್ನು ಇಪ್ಪತ್ತನಾಲ್ಕು ಮಾಡಿದರು, ಮೂವತ್ತು ಮಾಡಿದರು, ಕೊನೆಗೆ ಮೂವತ್ತೆಂಟಕ್ಕೆ ಬಂದು ನಿಂತರು. ಸಕ್ಕರೆ ನೋಡುವ ಮಿಷನ್ನಿನಲ್ಲಿ ಮಾತ್ರ ಮುನ್ನೂರರ ಮೇಲೇ ಅಂಕಿ. ಇಷ್ಟು ಔಷಧಿ ಹೋದರೂ ಇಳಿಯದಿದ್ದರೆ ಕಾರಣ ಒಂದೇ ಇರಬೇಕು, ಬಾಯಿ. ಮುದುಕಿ ಕದ್ದು ತಿನ್ನುತ್ತಿದ್ದಾಳೆ ಎಂದು ಕಲಾ ತೀರ್ಮಾನಿಸಿದಳು. ಫೈಲಿನಲ್ಲಿ ದುಂಡಗಿನ ಅಕ್ಷರದಲ್ಲಿ 'ಪಥ್ಯ ಮಾಡುತ್ತಿಲ್ಲ' ಎಂದು ಬರೆದಳು. ಮುನಿರಾಜುವನ್ನು ಪಕ್ಕಕ್ಕೆ ಕರೆದು ಹೇಳಿಯೂ ಹೇಳಿದಳು. ಅವನು ಅಡುಗೆಮನೆಯ ಬೀರುವಿಗೆ ಬೀಗ ಜಡಿದ. ಮದುವೆ, ಬೀಗರ ಊಟಗಳಿಗೆ ತಾಯಿಯನ್ನು ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದ. ಕಳೆದ ಸಂಕ್ರಾಂತಿಗೆ ಮನೆಮಂದಿಯೆಲ್ಲ ಎಳ್ಳು ಬೀರಲು ಹೊರಟರೆ, ಲಕ್ಷ್ಮಿದೇವಮ್ಮ ಮುದ್ದೆ ಸೊಪ್ಪಿನ ಸಾರು ಮುಂದಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ಮರುದಿನ ಬೆಳಿಗ್ಗೆ ಸಕ್ಕರೆ ಮುನ್ನೂರ ನಲವತ್ತು.

ಅವತ್ತು ಕಲಾಳಿಗೆ ರೇಗಿತು. ಮುದುಕಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ದಿಂಬಿನ ಚೀಲ ಬಿಚ್ಚಿ ಕೊಡವಿದಳು. ಹಾಸಿಗೆ ಎತ್ತಿದಳು. ಸೀರೆ ಟ್ರಂಕು ತೆಗೆದಳು. ಒಂದು ಚೂರು ಬೆಲ್ಲವೂ ಸಿಗಲಿಲ್ಲ.

"ಭಾರಿ ಜಾಣೆ ಬಿಡಿ ನಿಮ್ಮಮ್ಮ, ಎಲ್ಲಿಡ್ತಾರೋ ಗೊತ್ತೇ ಆಗಲ್ಲ," ಎಂದು ಮುನಿರಾಜುವಿಗೆ ಹೇಳಿ ನಕ್ಕು ಹೋದಳು.

ಲಕ್ಷ್ಮಿದೇವಮ್ಮ ಮೊದಮೊದಲು "ನಾನೇನೂ ತಿಂದಿಲ್ಲ ಕಣಮ್ಮ" ಎಂದು ಆಣೆ ಹಾಕುತ್ತಿದ್ದಳು. ಸಂಕ್ರಾಂತಿಯ ನಂತರ ಅದನ್ನೂ ಬಿಟ್ಟಳು. ವಾದ ಮಾಡಿ ಸೋತಳು ಎಂದೇ ಕಲಾ ತಿಳಿದಳು.

ಹೀಗಿರುವಾಗ ನರ್ಸಿಂಗ್ ಹೋಮಿನವರು ಅವಳನ್ನು ಒಂದು ತರಬೇತಿಗೆ ಹಾಕಿದರು. ಸಕ್ಕರೆ ಕಾಯಿಲೆಯವರ ಆರೈಕೆಯನ್ನು ಆಳವಾಗಿ ಕಲಿಸುವ ಕೋರ್ಸಂತೆ. ರಾಜಾಜಿನಗರದ ಒಂದು ಹಾಲಿನಲ್ಲಿ ಎಂಟು ಶನಿವಾರ. ನರ್ಸುಗಳ ಜೊತೆಗೆ ಡಯಟಿಷಿಯನ್ನರು, ಫಿಸಿಯೋಥೆರಪಿಯವರು, ಗಾಯದ ಕಾಲಿಗೆ ವಿಶೇಷ ಚಪ್ಪಲಿ ಹೊಲಿಯುವವರೊಬ್ಬರು. ಕಲಾ ಮೂಗು ಮುರಿದಳು. ಕಲಿಸಲು ಬಂದ ರಕ್ಷಾಗೆ ಇಪ್ಪತ್ತೆಂಟೂ ತುಂಬಿದ ಹಾಗೆ ಕಾಣಲಿಲ್ಲ. ಈ ಹುಡುಗಿ ಅಂಗನವಾಡಿಗೆ ಹೋಗುತ್ತಿದ್ದ ಕಾಲದಿಂದ ನಾನು ಸೂಜಿ ಹಿಡಿದಿದ್ದೇನೆ, ಇವಳು ನನಗೇನು ಕಲಿಸುತ್ತಾಳೆ ಎಂದುಕೊಂಡು, ಊಟದ ಡಬ್ಬಿಯನ್ನು ಹುಷಾರಾಗಿ ಫ್ಯಾನಿನ ಕೆಳಗಿಟ್ಟು, ಹಿಂದಿನ ಸಾಲಿನಲ್ಲಿ ಕೂತಳು.

ಮೂರನೆಯ ಶನಿವಾರ ರಕ್ಷಾ ಹೊಸಹಳ್ಳಿಯ ಸೇತುರಾಮ ಎಂಬ ರಿಟೈರ್ಡ್ ಗುಮಾಸ್ತರನ್ನು ಕರೆತಂದಿದ್ದಳು. ಹತ್ತು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಮನುಷ್ಯ. ಮೂವತ್ತು ಜನರ ಮುಂದೆ ಅಂಗಿ ಎತ್ತಲು ನಾಚಿಕೆಯಿಲ್ಲದೆ, ಬದಲಿಗೆ ಒಂದಿಷ್ಟು ಗತ್ತಿನಿಂದಲೇ ಮೇಜಿನ ಮೇಲೆ ಮಲಗಿದರು.

"ಬನ್ನಿ ಬನ್ನಿ, ಎಲ್ಲರೂ ಮುಟ್ಟಿ ನೋಡಿ. ಮನೇಲಂತೂ ಯಾರೂ ಇಷ್ಟು ವಿಚಾರಿಸಲ್ಲ," ಎಂದರು. ಹಾಲೆಲ್ಲ ನಕ್ಕಿತು.

ರಕ್ಷಾ ಎಲ್ಲರ ಬೆರಳಿಗೂ ಸೋಪಿನ ನೀರು ಹಚ್ಚಿಸಿ, ಕಣ್ಣು ಮುಚ್ಚಿ ಸವರಲು ಹೇಳಿದಳು. ಕಲಾಳ ಸರದಿ ಬಂತು. ನುಣುಪಾದ ಚರ್ಮದ ಮೇಲೆ ಜಾರುತ್ತಿದ್ದ ಬೆರಳು ಹೊಕ್ಕುಳ ಬಲಕ್ಕೆ ಬಂದಾಗ ತಡೆಯಿತು. ಅಲ್ಲಿ ರಬ್ಬರಿನಂಥ ಗಂಟು. ಹಿಡಿಯಲು ಹೋದರೆ ಚರ್ಮ ಚಿವುಟಿಗೆ ಸಿಗುವುದಿಲ್ಲ.

"ಅಲ್ಲಿ ಚುಚ್ಚಿದ್ರೆ ನೋವೇ ಇಲ್ಲ ಮೇಡಂ," ಎಂದರು ಸೇತುರಾಮ.

"ಕೇಳಿದ್ರಾ?" ರಕ್ಷಾ ತರಗತಿಯ ಕಡೆ ತಿರುಗಿದಳು. "ಒಂದೇ ಕಡೆ ಚುಚ್ಚಿ ಚುಚ್ಚಿ ಕೊಬ್ಬು ಗಂಟು ಕಟ್ಟಿದೆ. ನೋವು ಗೊತ್ತಾಗಲ್ಲ, ಸರಿ. ಆದ್ರೆ ಔಷಧಿ ರಕ್ತಕ್ಕೂ ಸರಿಯಾಗಿ ಹೋಗಲ್ಲ. ಶುಗರ್ ಇಳಿಯಲ್ಲ, ಡಾಕ್ಟರು ಡೋಸ್ ಜಾಸ್ತಿ ಮಾಡ್ತಾರೆ. ನಾವೇನ್ ಮಾಡ್ತೀವಿ? ಪೇಷಂಟ್ ಕದ್ದು ತಿಂತಾರೆ ಅಂತ ಬರೀತೀವಿ."

ಕಲಾ ಕೈಯನ್ನು ಸೇತುರಾಮರ ಹೊಟ್ಟೆಯ ಮೇಲಿಂದ ತೆಗೆಯುವುದನ್ನೇ ಮರೆತಳು. ಹಿಂದಿದ್ದ ಡಯಟಿಷಿಯನ್ ಭುಜ ತಟ್ಟಿ, "ಅಕ್ಕಾ, ನಮಗೂ ಬಿಡಿ," ಎನ್ನಬೇಕಾಯಿತು. ಆ ಗಂಟು ಅವಳ ಬೆರಳಿಗೆ ಹೊಸದಾಗಿರಲಿಲ್ಲ. ಇಷ್ಟು ವರ್ಷ ಲಕ್ಷ್ಮಿದೇವಮ್ಮನ ಹೊಟ್ಟೆಯ ಬೊಜ್ಜು ಎಂದು ತಿಳಿದು ಅದರೊಳಕ್ಕೇ ಸೂಜಿ ಇಳಿಸುತ್ತಿದ್ದಳು.

ರಕ್ಷಾ ಇನ್ನೊಂದು ಮಾತನ್ನು ಎರಡು ಸಲ ಹೇಳಿದಳು. ಜಾಗ ಬದಲಿಸುವಾಗ ಹಳೇ ಡೋಸನ್ನೇ ಕೊಡಬಾರದು. ಒಳ್ಳೆಯ ಚರ್ಮದಿಂದ ಔಷಧಿ ಪೂರಾ ಒಳಗೆ ಹೋಗುತ್ತದೆ, ಸಕ್ಕರೆ ತೀರಾ ಕುಸಿದು ಪೇಷಂಟ್ ಎಚ್ಚರ ತಪ್ಪಬಹುದು. ಮೊದಲು ಡಾಕ್ಟರಿಗೆ ಹೇಳಬೇಕು.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳಿಗೆ ಹೇರೋಹಳ್ಳಿ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಬ್ಯಾಡರಹಳ್ಳಿಯಲ್ಲಿ ಇಳಿದು, ಧೂಳು ಕುಡಿಯುತ್ತ ವಾಪಸು ನಡೆಯುತ್ತಲೇ ಲಕ್ಷ್ಮಿದೇವಮ್ಮನ ಡಾಕ್ಟರಿಗೆ ಫೋನ್ ಮಾಡಿ ಹೇಳಿದಳು. ಅವರು ಬೈಯಲಿಲ್ಲ. ತಾವೂ ಒಂದು ಸಲ ಮುಟ್ಟಿ ನೋಡಲಿಲ್ಲವೆಂದು ಅವರಿಗೂ ಹೊಳೆದಿರಬೇಕು. ಡೋಸನ್ನು ಇಪ್ಪತ್ತೆಂಟಕ್ಕೆ ಇಳಿಸಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಿ ತಿಳಿಸಲು ಹೇಳಿದರು.

ಅಷ್ಟಕ್ಕೆ ಮುಗಿಸಬಹುದಿತ್ತು. ನಾವು ಯಾರಾದರೂ ಅವಳ ಜಾಗದಲ್ಲಿದ್ದರೆ ಮುಗಿಸಿಯೇ ಬಿಡುತ್ತಿದ್ದೆವೇನೋ. ಜಾಗ ಬದಲಿಸಿದರೆ ಸಕ್ಕರೆ ತಾನಾಗಿ ಇಳಿಯುತ್ತದೆ. ಕೋರ್ಸಿಗೆ ಹೋಗಿ ಬಂದ ಮೇಲೆ ಕಲಾಳ ಕೈಗುಣ ಇನ್ನೂ ಹೆಚ್ಚಿತು ಎಂದು ಜನ ಇನ್ನೊಂದಿಷ್ಟು ಹೊಗಳುತ್ತಾರೆ. ಕಾರಣ ಹೇಳಿದರೆ ಇಪ್ಪತ್ತೆರಡು ವರ್ಷದ ಹೆಸರು ಒಂದೇ ಸಂಜೆಗೆ ಮಣ್ಣುಪಾಲು. ಆದರೆ ಹೇಳದಿದ್ದರೆ? ಮುದುಕಿ ಕೊನೇವರೆಗೂ ಕಳ್ಳಿಯಾಗಿಯೇ ಉಳಿಯುತ್ತಾಳೆ. ಈಗ ಬುದ್ಧಿ ಬಂತು, ತಿನ್ನೋದು ಬಿಟ್ಟಳು ಎಂದು ಮನೆಯವರು ಹೇಳುತ್ತಾರೆ. ದಿಂಬು ಕೊಡವಿದ್ದು ನೆನಪಾಗಿ ಕಲಾಳಿಗೆ ನಡುರಸ್ತೆಯಲ್ಲೇ ಅಳು ಬಂತು. ನಾಚಿಕೆಯ ಅಳು. ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಮುನಿರಾಜುವಿನ ಮನೆಗೆ ನಡೆದಳು.

ಮುನಿರಾಜು ಹಾಲಿನಲ್ಲಿ ಟೀವಿ ನೋಡುತ್ತಿದ್ದ. ಒಳಕೋಣೆಯಲ್ಲಿ ಲಕ್ಷ್ಮಿದೇವಮ್ಮ ಎಂದಿನಂತೆ ಸೆರಗು ಸರಿಸಿ ಬೆರಳಿಟ್ಟಳು. ಕಲಾ ಬೆರಳು ಒದ್ದೆ ಮಾಡಿ ಸವರಿದಳು. ನಿಂಬೆಹಣ್ಣಿನ ಗಾತ್ರದ್ದು ಒಂದು, ಪಕ್ಕದಲ್ಲೇ ಅಡಿಕೆಯಷ್ಟು ಇನ್ನೊಂದು. ಅನುಮಾನಕ್ಕೆ ಜಾಗವೇ ಇರಲಿಲ್ಲ.

"ಇವತ್ತು ತೊಡೆಗೆ ಹಾಕ್ತೀನಮ್ಮ."

"ಯಾಕೆ? ಇಲ್ಲೇ ಹಾಕು."

"ಬೇಡಮ್ಮ. ಸ್ವಲ್ಪ ನೋವಾಗುತ್ತೆ, ತಡ್ಕೊಳ್ಳಿ."

ಸೂಜಿ ಇಳಿದ ಕೂಡಲೇ ಮುದುಕಿ "ಅಯ್ಯಯ್ಯೋ" ಎಂದಳು. ಆರು ವರ್ಷದಲ್ಲಿ ಕೇಳದ ಆ ಸದ್ದಿಗೆ ಮುನಿರಾಜು ಟೀವಿ ಬಿಟ್ಟು ಬಂದ.

"ಏನಾಯ್ತು ಸಿಸ್ಟರ್?"

ಕಲಾ ಸೂಜಿಯನ್ನು ಡಬ್ಬಕ್ಕೆ ಹಾಕಿದಳು. ಏನನ್ನೂ ಮುಚ್ಚಿಡದೆ ಹೇಳಿದಳು. ಗಂಟಿನ ವಿಷಯ, ಔಷಧಿ ಅಲ್ಲೇ ಸಿಕ್ಕಿಹಾಕಿಕೊಂಡ ವಿಷಯ, ಜಾಗ ಬದಲಿಸಬೇಕಿದ್ದದ್ದು ತಾನು, ಬದಲಿಸದೇ ಇದ್ದದ್ದೂ ತಾನೇ. "ತಪ್ಪು ನಂದು ಮುನಿರಾಜಣ್ಣ. ಅಮ್ಮನ ಮೇಲೆ ಹಾಕ್ಬಿಟ್ಟೆ."

ಮುನಿರಾಜುವಿನ ಮುಖ ಕೆಂಪಾಯಿತು. "ಅಲ್ಲಾ ಸಿಸ್ಟರ್, ನಿಮ್ಮ ಮಾತು ಕೇಳ್ಕೊಂಡು ನಾನು ನಮ್ಮಮ್ಮನ್ನ..." ಎಂದ. ಬಾಗಿಲ ಚೌಕಟ್ಟು ಹಿಡಿದು ನಿಂತ.

ಕಲಾ ಬೈಗುಳಕ್ಕೆ ಸಿದ್ಧವಾಗಿದ್ದಳು. ಇನ್ನು ಈ ಮನೆಗೆ ಕಾಲಿಡಬೇಡ ಎನ್ನುವುದಕ್ಕೂ ಸಿದ್ಧವಾಗಿದ್ದಳು. ಲಕ್ಷ್ಮಿದೇವಮ್ಮ ಚುಚ್ಚಿದ ಜಾಗವನ್ನು ಒತ್ತಿಕೊಂಡು ಕೂತಿದ್ದಳು. ಆಮೇಲೆ ತಲೆಯೆತ್ತಿ ಕೇಳಿದಳು.

"ಹಂಗಾದ್ರೆ ನಾನು ತಿಂದಿರ್ಲಿಲ್ವಾ?"

ಕಲಾಳಿಗೆ ಅರ್ಥವಾಗಲಿಲ್ಲ. "ಏನಮ್ಮ?"

"ತಿಂದು ಮರ್ತೋಗ್ತಿದೀನಿ ಅಂದ್ಕೊಂಡಿದ್ದೆ ಕಣಮ್ಮ. ಮಿಷನ್ ಸುಳ್ಳು ಹೇಳಲ್ಲ, ನೀನೂ ಸುಳ್ಳು ಹೇಳೋಳಲ್ಲ. ಇನ್ನೇನು, ನನಗೇ ತಲೆ ಕೆಟ್ಟಿದೆ ಅಂದ್ಕೊಂಡೆ. ನಿದ್ದೇಲಿ ಎದ್ದು ಹೋಗಿ ತಿಂತೀನೇನೋ ಅಂತ, ದಿನಾ ಬೆಳಿಗ್ಗೆ ಎದ್ದು ಮೊದ್ಲು ಬೆರಳು ಮೂಸಿ ನೋಡ್ಕೋತಿದ್ದೆ, ಬೆಲ್ಲದ ವಾಸನೆ ಬರ್ತಿದ್ಯಾ ಅಂತ."

ಕಲಾ ಹಾಸಿಗೆಯ ಅಂಚಿನಲ್ಲಿ ಕೂತಳು.

"ಇಲ್ಲಮ್ಮ," ಎಂದಳು. "ನೀವು ತಿಂದಿರ್ಲಿಲ್ಲ."

"ಇನ್ನೊಂದ್ಸಲ ಹೇಳು."

"ನೀವು ಏನೂ ತಿಂದಿರ್ಲಿಲ್ಲ ಅಮ್ಮ. ಒಂದು ದಿನಾನೂ ತಿಂದಿರ್ಲಿಲ್ಲ."

ಲಕ್ಷ್ಮಿದೇವಮ್ಮ ಎರಡೂ ಕೈಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಆ ಬೆರಳುಗಳನ್ನೇ ನೋಡುತ್ತ ಕೂತಳು. ಬೇರೆಯವರ ಕೈಯೆಂದು ತಿಳಿದಿದ್ದು ತನ್ನದೇ ಎಂದು ಈಗ ಗೊತ್ತಾದವಳ ಹಾಗೆ.