ಊರಬಾಗಿಲಾಚೆ ಬಿಸ್ಕಾ

ಹುಮ್ ಅಂದ್ರೆ ಎರಡೇ ಬೀದಿಯ ಪಟ್ಟಣ. ಅಂಥದ್ರಲ್ಲಿ ಫುಮಿಯಾ ಅಜ್ಜಿ ಪಕ್ಕದ್ಮನೆ ಗೆಳತಿ ತೋಂಕಾ ಜೊತೆ ಮಾತು ಬಿಟ್ಬಿಟ್ಳು! ಇವಳು ಮನೇಲಿ ಮಾಡಿದ ಬಿಸ್ಕಾ ಬ್ರಾಂದಿ ಕೆಮ್ಮಿನ ಔಷಧಿ ಥರ ಇದೆ ಅಂತ ತೋಂಕಾ ಅಂದಿದ್ದೇ ತಪ್ಪಾಯ್ತು.

"ಈ ಪಟ್ಟಣದೊಳಗೆ ನಿನ್ನ ಮಾತಾಡ್ಸಿದ್ರೆ ನನ್ನ ನಾಲಿಗೆ ಬಿದ್ಹೋಗ್ಲಿ!" ಅಂತ ಚರ್ಚಿನ ಮುಂದೆ ಆಣೆ ಬೇರೆ.

ಸಂಜೆ ಒಬ್ಳೇ ಕೂತ್ರೆ ಬಿಸ್ಕಾ ಗಂಟಲಲ್ಲಿ ಇಳಿಯಲೇ ಇಲ್ಲ. ಸೀಸೆ, ಕುರ್ಚಿ ಎತ್ಕೊಂಡು ಊರಬಾಗಿಲು ದಾಟಿ ರಸ್ತೆ ಬದಿ ಕೂತ್ಳು. ನೋಡಿದ್ರೆ ತೋಂಕಾನೂ ಕುರ್ಚಿ ಹೊತ್ಕೊಂಡು ಬರ್ತಿದ್ದಾಳೆ!

"ಪಟ್ಟಣ ಮುಗೀತೇನೇ?"

"ಮುಗೀತು ಕಣೇ, ಕೂತ್ಕೊಂಡು ಔಷಧಿ ಕುಡಿ."

ಆಮೇಲೆ ದಿನಾ ಸಂಜೆ ಇದೇ. ಕೊನೆಗೆ ಪಾದ್ರಿಗಳೇ ಬಂದು, "ಆಣೆ ತೆಗೆದ್ಬಿಡ್ತೀನಮ್ಮ, ಮನೇಲೇ ಮಾತಾಡ್ಕೊಳ್ಳಿ," ಅಂದ್ರು.

"ಬೇಡ ಫಾದರ್!" ಅಂದ್ಳು ಫುಮಿಯಾ. "ಈ ವಯಸ್ಸಲ್ಲಿ ದಿನಾ ಪರವೂರಿಗೆ ಹೋಗಿಬರೋ ಯೋಗ ಬಂದಿದೆ, ತಪ್ಪಿಸ್ಬೇಡಿ!"