ಕದಿರಪ್ಪನ ಬೆನ್ನು, ಅಕ್ಕಯ್ಯಮ್ಮನ ಕಾಲು

ಬಂಗಾರಪೇಟೆಯ ಗೂಡ್ಸ್ ಷೆಡ್ಡಿನಲ್ಲಿ ಮೂಟೆ ಹೊರುವ ಕದಿರಪ್ಪನಿಗೆ ತನ್ನ ಬೆನ್ನೆಂದರೆ ಅಷ್ಟಿಷ್ಟು ಜಂಬವಲ್ಲ. ಮೈನ್ಸಿನ, ಅಂದರೆ ಚಿನ್ನದ ಗಣಿಗಳ, ಸರಕೆಲ್ಲ ಆಗ ಅಲ್ಲೇ ಇಳಿದು ಅಲ್ಲೇ ಏರಬೇಕು. ಉಳಿದವರೆಲ್ಲ ಕುಕ್ಕರಗಾಲಲ್ಲಿ ಕೂತು, ಮೂಟೆಯನ್ನು ಎದೆಗೆ ಅವುಚಿಕೊಂಡು ಏಳುತ್ತಿದ್ದರು. ಕದಿರಪ್ಪ ಮಾತ್ರ ಮೊಣಕಾಲು ಮಡಿಸದೆ, ಸೊಂಟದಿಂದಲೇ ಬಾಗಿ, ಒಂದೇ ಎಳೆತಕ್ಕೆ ಹೆಗಲಿಗೇರಿಸುತ್ತಿದ್ದ.

"ಕೂತು ಎತ್ಲಾ, ನಡ ಇಡ್ಕೊಂತದೆ," ಎನ್ನುತ್ತಿದ್ದ ಹಿರಿಯ ಹಮಾಲಿ ಚಿಕ್ಕಮುನಿಯಪ್ಪ.

"ಕೂರೋಕೆ ನಾನೇನು ಮೊಟ್ಟೆ ಇಕ್ಕೋ ಕೋಳೀನಾ?" ಎಂದು ಇವನು ಮೀಸೆ ತಿರುವುತ್ತಿದ್ದ.

ಅಂಥ ಬೆನ್ನು ಕೈಕೊಟ್ಟಿದ್ದು ಎಲ್ಲಿ? ಮನೆಯ ಹಿತ್ತಲಲ್ಲಿ! ಕೋಳಿ ಮುಚ್ಚಿದ್ದ ಬಿದಿರುಬುಟ್ಟಿ ಎತ್ತಲು ಬಾಗಿದ, ಸೊಂಟದಲ್ಲಿ ಕಳಕ್ ಎಂದಿತು. ಬಾಗಿದವನು ಬಾಗಿಯೇ ಉಳಿದ. ಕೋಳಿ ಹೊರಬಂದು ಅವನ ಮುಖವನ್ನೇ ನೋಡಿತು. ‘ನೋಡಮ್ಮ ನೋಡು, ಎರಡಾಳಿನ ಮೂಟೆ ಒಬ್ಬನೇ ಎತ್ತುವ ಶೂರ ನಿನ್ನ ಬುಟ್ಟಿಗೆ ಸೋತ’ ಎಂದುಕೊಂಡ. ಷೆಡ್ಡಿಗೆ ಮಾತ್ರ, ಕಾಮಸಮುದ್ರದ ಜಾತ್ರೆಯಲ್ಲಿ ಪಂದ್ಯಕ್ಕೆ ಗುಂಡುಕಲ್ಲು ಎತ್ತಲು ಹೋಗಿ ಹೀಗಾಯಿತೆಂದು ಹೇಳಿಕಳಿಸಿದ.

ನಗೆಮಾತು ಹಾಗಿರಲಿ. ಸೋಮವಾರ ಹೊಸ ಮೇಸ್ತ್ರಿ ಬಂದು, ಒಬ್ಬೊಬ್ಬರಿಂದಲೂ ಮೂಟೆ ಎತ್ತಿಸಿ ಆಳು ಆರಿಸುವವನಿದ್ದ. ಎತ್ತಲಾರದವನು ಮನೆಗೆ. ಮೂಟೆ ಹೊರುವುದು ಬಿಟ್ಟರೆ ಕದಿರಪ್ಪನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ನಡ ಹಿಡಿದರೆ ಆ ಕಡೆಯವರು ನಂಬಿದ ಮದ್ದು ಒಂದೇ: ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಮೆಲ್ಲಗೆ ಒದೆಯಬೇಕು. ಊರಲ್ಲಿ ಹಾಗೆ ಹುಟ್ಟಿದವಳು ಒಬ್ಬಳೇ, ಅವನ ಹೆಂಡತಿ ಅಕ್ಕಯ್ಯಮ್ಮ. ಊರಿನ ಅರ್ಧ ಜನ ಅವಳ ಹೊಸಿಲಲ್ಲಿ ಬೋರಲು ಮಲಗಿ ಒದೆಸಿಕೊಂಡು ಹೋಗಿದ್ದರು.

"ಮಲಿಕ್ಕೋ ಬಾರಯ್ಯ, ನಿಂಗೂ ಒದೀತೀನಿ," ಎಂದಳು.

"ಕಟ್ಕೊಂಡೋಳತ್ರ ಒದೆಸ್ಕೊಂಡು ಷೆಡ್ಡಲ್ಲಿ ತಲೆ ಎತ್ಕೊಂಡು ಓಡಾಡಾದೆಂಗೆ?" ಎಂದ. ತಲೆ ಎತ್ತುವ ಮಾತಾಡುತ್ತಿದ್ದವನ ಮೂಗು ಆಗ ಮೊಣಕಾಲಿನ ಹತ್ತಿರವಿತ್ತು.

ಚಾಂಪಿಯನ್ ರೀಫ್ಸಿನ ಗಣಿ ಆಳು ಆರುಮುಗಂ ಕೂಡ ಕಾಲು ಮುಂದಾಗಿ ಹುಟ್ಟಿದವನಂತೆ ಎಂದು ಯಾರೋ ಹೇಳಿದರು. ಭಾನುವಾರ ಕದಿರಪ್ಪ ರೈಲು ಹತ್ತಿದ. ಹತ್ತಿದ ಅನ್ನುವುದೇನು, ಜನ ಅವನನ್ನು ಮೂಟೆಯ ಹಾಗೆ ಒಳಕ್ಕೆ ತಳ್ಳಿದರು. ಹೋಗಿ ನೋಡಿದರೆ ಆ ಮಹಾವೈದ್ಯನೇ ಚಾಪೆಯ ಮೇಲೆ ಬೋರಲು ಬಿದ್ದು ನರಳುತ್ತಿದ್ದಾನೆ!

"ಅದಿರಿನ ಬಂಡಿ ತಳ್ಳೋವಾಗ ಇಡ್ಕೊಂಡ್ತು ಅಣ್ಣಾ. ಏಳೋಕಾಗಲ್ಲ," ಎಂದ ಆರುಮುಗಂ.

"ಒದೆಯೋನು ನೀನೇ ಅಲ್ವಾ?"

"ಊರಿಗೆಲ್ಲಾ ಒದೀತೀನಿ. ನನ್ನ ಕಾಲು ನನ್ನ ನಡಕ್ಕೆ ಎಟುಕ್ತದಾ? ನಾಳೆ ಬಂಗಾರಪೇಟೆಗೆ ಓಗ್ಬೇಕು. ಅಲ್ಲಿ ಅಕ್ಕಯ್ಯಮ್ಮ ಅಂತ ಒಬ್ರವ್ರೆ, ಒಳ್ಳೆ ಕಾಲು. ಗೊತ್ತಾ ನಿಂಗೆ?"

"ಸ್ವಲ್ಪ ಗೊತ್ತು," ಎಂದ ಕದಿರಪ್ಪ.

ಸಂಜೆ ಮನೆಗೆ ಬಂದವನೇ ಹೊಸಿಲಲ್ಲಿ ಬೋರಲು ಮಲಗಿದ. ಅಕ್ಕಯ್ಯಮ್ಮ ಸೊಂಟದ ಬಿಂದಿಗೆ ಇಳಿಸಿ, ಏನೂ ಕೇಳದೆ ಮೂರು ಸಲ ಒದ್ದಳು. ಕೊನೆಯದು ತುಸು ಜೋರಾಗಿಯೇ ಬಿತ್ತು. ಮದುವೆಯಾದಾಗಿನಿಂದ ಕೂಡಿಟ್ಟಿದ್ದಿರಬೇಕು ಎಂದುಕೊಂಡ. ಗಂಡನಿಗೆ ಕಾಲು ತಾಗಿಸಿದ್ದಕ್ಕೆ ಅವಳು ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಾಗಿದಳು, ಬಾಗಿದವಳು "ಅಮ್ಮಾ!" ಎಂದು ಸೊಂಟ ಹಿಡಿದು ಗೋಡೆಗೊರಗಿದಳು.

"ಏನಾಯ್ತು?"

"ಒಸದಾ ಇದು? ನೀರಿನ ಬಿಂದಿಗೆ ಒತ್ತು ಒತ್ತು ನಡ ಓಗಿ ವರ್ಷಗಳೇ ಆದ್ವು."

"ಯಾವತ್ತೂ ಬಾಯ್ಬಿಡ್ಲಿಲ್ವಲ್ಲ!"

"ಬಾಯ್ಬಿಟ್ರೆ ಯಾರು ಒದೀತಾರೆ? ನೀನಾ, ತಲೆ ಮುಂದಾಗಿ ಉಟ್ಟೋನು?"

ಕದಿರಪ್ಪನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಊರವರ ಬೆನ್ನಿಗೆಲ್ಲ ಮದ್ದಾದವಳ ಬೆನ್ನು ತನ್ನ ಮನೆಯಲ್ಲೇ ನೋಯುತ್ತಿತ್ತು. ತನ್ನ ಬೆನ್ನಿನ ಜಂಬದಲ್ಲಿ ಅವನಿಗದು ಕಂಡಿರಲಿಲ್ಲ.

ಸೋಮವಾರ ಮೇಸ್ತ್ರಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮೂಟೆ ಅವುಚಿಕೊಂಡು, ಹಲ್ಲುಕಚ್ಚಿ, ನರಳುತ್ತ ಎದ್ದ. ಷೆಡ್ಡೆಲ್ಲ ಕೊಕ್ಕೊಕ್ಕೋ ಎಂದು ಕೂಗಿತು.

"ಮೊಟ್ಟೆ ಬಿತ್ತೇನ್ಲಾ?" ಎಂದ ಚಿಕ್ಕಮುನಿಯಪ್ಪ.

"ಬಿತ್ತು ಕಣಣ್ಣ, ಕೆಲಸ ಉಳೀತು."

ಆ ಸಂಜೆ ಬಾವಿಯ ಹತ್ತಿರ ಹೆಂಗಸರ ನಡುವೆ ಬಿಂದಿಗೆ ಹಿಡಿದು ನಿಂತವನು ಕದಿರಪ್ಪ. ಅವನು ಕೂತು ಬಿಂದಿಗೆ ಅವುಚಿಕೊಂಡಾಗ ಅವರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು.

"ನಗ್ರಮ್ಮಾ, ನಗ್ರಿ," ಎಂದು ಮೆಲ್ಲಗೆ ಎದ್ದ. "ಈ ಕೋಳಿ ನಾಳೇನೂ ಬರ್ತದೆ."